ಮೂರು ಪರದೆ, ಒಂದೇ ಪಟ್ಟಿ

ಜನವರಿಯ ಎರಡನೆಯ ಭಾನುವಾರ, ಬೆಳಗಿನ ಏಳೂವರೆ. ಠಾಣೆಯ ನೌಪಾಡಾದಲ್ಲಿ ನಮ್ಮ ಮನೆ. ಹಾಜರಿದ್ದವರು ಮೂವರು: ಕನ್ನಡ ಸಂಘದ ಕಾರ್ಯದರ್ಶಿಯಾದ ನಾನು, ಹೋಟೆಲಿನ ಸುಧಾಕರ, ಮಹಿಳಾ ವಿಭಾಗದ ಜಲಜಕ್ಕ. ಹತ್ತಕ್ಕೆ ವಾರ್ಷಿಕೋತ್ಸವ. ಹಾಲ್ ಮಾತ್ರ ಡೊಂಬಿವಲಿಯಿಂದ ಠಾಣೆಗೆ ಬದಲಾಗಿತ್ತು.

ನಾನು ಶಿಸ್ತಿನ ಮನುಷ್ಯ. ಒಮ್ಮೆ ಅಡುಗೆಮನೆಯ ಡಬ್ಬಿಗಳನ್ನೂ ಅಕಾರಾದಿಯಾಗಿ ಜೋಡಿಸಿದ್ದೆ. ಕೊನೆಯ ಸಾಲಿನ ಸಾಸಿವೆ ಹೆಂಡತಿಯ ಕೈಗೆ ಸಿಗುವಷ್ಟರಲ್ಲಿ ಎಣ್ಣೆ ಹೊಗೆಯಾಡಿತ್ತು. ಆಮೇಲೆ ನನಗೆ ಅಲ್ಲಿ ಪ್ರವೇಶವಿಲ್ಲ. ಉಳಿದದ್ದು ಸಂಘ.

ಸಂಘದ ಸದಸ್ಯರ ಪಟ್ಟಿಯನ್ನು ಐರೋಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಪ್ರತಿಮಾ ವೆಬ್‌ಸೈಟಿಗೆ ಏರಿಸಿಕೊಟ್ಟಿದ್ದಳು. ಒಟ್ಟು ಮೂರು ಪುಟ. ನಮ್ಮ ಸದಸ್ಯರು ಮೆಸೇಜ್ ಓದುವವರಲ್ಲ, ಹಾಲ್ ಬದಲಾದದ್ದನ್ನು ತಿಳಿಸಲು ಫೋನೇ ಮಾಡಬೇಕು. ಮೊದಲ ಪುಟ ನನಗೆ, ಎರಡನೆಯದು ಸುಧಾಕರನಿಗೆ, ಮೂರನೆಯದು ಜಲಜಕ್ಕನಿಗೆ ಎಂದು ಹಂಚಿದ್ದೆ. ಮೂರೇ ದಿನದಲ್ಲಿ, ಶನಿವಾರ ರಾತ್ರಿಯೇ ಕೆಲಸ ಮುಗಿದಿತ್ತು. ಇಷ್ಟು ಅಚ್ಚುಕಟ್ಟಾದ ಹಂಚಿಕೆ ಸಂಘ ಕಂಡದ್ದಿಲ್ಲ ಎಂದು ಆ ಬೆಳಿಗ್ಗೆ ಬೀಗುತ್ತಿರುವಾಗಲೇ ಡೊಂಬಿವಲಿಯ ಸದಸ್ಯ ಶೇಖರನ ಫೋನ್ ಬಂತು.

"ಹಾಲ್ ಬದಲಾದದ್ದು ಗೊತ್ತಾಯ್ತು ಮಾರಾಯ್ರೆ. ನೀವು ಮೂರು ಜನವೂ ಫೋನ್ ಮಾಡುದು ಎಂತಕ್ಕೆ? ನಾನೆಂತ ಕಿವುಡನಾ?"

ನನ್ನ ಕಂಪ್ಯೂಟರ್, ಅವರಿಬ್ಬರ ಮೊಬೈಲ್ ಪಕ್ಕಪಕ್ಕ ಇಟ್ಟೆವು. ಅದೇ ಪಟ್ಟಿ, ಆದರೆ ಮೂರು ಮುಖ. ನನ್ನದು ಅಡ್ಡಹೆಸರಿನ ಕ್ರಮದಲ್ಲಿ. ಸದಸ್ಯರಲ್ಲಿ ಹೆಚ್ಚಿನವರು ಹೋಟೆಲಿನವರಾದ್ದರಿಂದ ಸುಧಾಕರನದು ಹೋಟೆಲಿನ ಹೆಸರಿನ ಕ್ರಮದಲ್ಲಿ. ಊರು ತಿಳಿಯದೆ ಮನುಷ್ಯನನ್ನು ಗುರುತಿಸದ ಜಲಜಕ್ಕನದು ಊರಿನ ಕ್ರಮದಲ್ಲಿ. ಶೇಖರ ನನ್ನ ಮೊದಲ ಪುಟದಲ್ಲಿ, ಸುಧಾಕರನ ಎರಡನೆಯದರಲ್ಲಿ, ಜಲಜಕ್ಕನ ಮೂರನೆಯದರಲ್ಲಿ ಕುಳಿತಿದ್ದ!

ಪ್ರತಿಮಾಳನ್ನು ಎಬ್ಬಿಸಿ ಕೇಳಿದೆ. "ಅಂಕಲ್, ಎಲ್ಲರ ವ್ಯೂ ಅಲಗ್ ಇರ್ತದೆ ನಾ! ನೀವೇ ಬೇಕು ಅಂದಿದ್ರಿ."

ಅಂದಿದ್ದೆ, ಅವರವರ ಪರದೆಯಲ್ಲಿ ಅವರವರಿಗೆ ಬೇಕಾದ ಕ್ರಮ ಇರಲಿ ಎಂದು. ಕೆಲವರಿಗೆ ಮೂರು ಫೋನ್ ಹೋಗಿದ್ದರೆ ಕೆಲವರಿಗೆ ಒಂದೂ ಹೋಗಿಲ್ಲ. ಜಲಜಕ್ಕನ ಬೆರಳು ಒಂದು ಹೆಸರಿನ ಮೇಲೆ ನಿಂತಿತು.

"ಅಯ್ಯೋ ದೇವ್ರೇ, ರತ್ನಕ್ಕ!"

ಕಲ್ಯಾಣದ ರತ್ನಕ್ಕ ನಮ್ಮ ಮಕ್ಕಳಿಗೆ ಪ್ರತಿ ಭಾನುವಾರ ಕನ್ನಡ ಕಲಿಸಿದವರು. ಅಂದಿನ ಸನ್ಮಾನ ಅವರಿಗೇ. ಶಾಲು ತಂದಿದ್ದೆವು, ಹಣ್ಣು ತಂದಿದ್ದೆವು, ಹಾಲ್ ಬದಲಾದದ್ದನ್ನು ಮಾತ್ರ ಹೇಳಿರಲಿಲ್ಲ. ತಪ್ಪಿಹೋದ ಉಳಿದವರೆಲ್ಲ ಫೋನಿಗೆ ಸಿಕ್ಕರು. ರತ್ನಕ್ಕನ ಫೋನ್ ರಿಂಗಾಗುತ್ತಲೇ ಇತ್ತು. ಆಗಲೇ ಹೊರಟಿರಬೇಕು, ರೈಲಿನ ಗದ್ದಲದಲ್ಲಿ ಅವರಿಗೆ ಕೇಳಿಸುತ್ತಿರಲಿಕ್ಕಿಲ್ಲ.

ಹತ್ತು ಗಂಟೆಗೆ ವೇದಿಕೆಯ ನಡುವಿನ ಕುರ್ಚಿ ಖಾಲಿ. "ಕುರ್ಚಿಗೂ ಒಂದು ಕ್ರಮ ಉಂಟಲ್ಲ, ಅದಕ್ಕೇ ಶಾಲು ಹೊದಿಸಿ" ಎಂದು ಸುಧಾಕರ ಚುಚ್ಚಿದ. ಹತ್ತೂಕಾಲಕ್ಕೆ ಬಾಗಿಲಲ್ಲಿ ರತ್ನಕ್ಕ! ಜೊತೆಗೆ ಶೇಖರ. ಮೂರು ಫೋನ್ ಬಂದ ಮೇಲೆ ವಿಷಯ ಬಹಳ ದೊಡ್ಡದೇ ಇರಬೇಕೆಂದುಕೊಂಡ ಆತ, ದಾರಿಯಲ್ಲಿ ಕಂಡ ಸದಸ್ಯರಿಗೆಲ್ಲ ಹೇಳುತ್ತ ಬಂದಿದ್ದನಂತೆ. ಡೊಂಬಿವಲಿ ಸ್ಟೇಷನ್ನಿನ ಹೊರಗೆ ರಿಕ್ಷಾ ಹತ್ತುತ್ತಿದ್ದ ರತ್ನಕ್ಕನನ್ನು ತಡೆದು ಠಾಣೆಯ ರೈಲಿಗೆ ಹತ್ತಿಸಿದ್ದ. ನನ್ನ ಶಿಸ್ತು ಬೀಳಿಸಿದ ಹೆಸರನ್ನು ನನ್ನ ಎಡವಟ್ಟೇ ಎತ್ತಿಕೊಂಡು ಬಂದಿತ್ತು.

ಸಂಜೆ ಆರಕ್ಕೆ ಪ್ರತಿಮಾ ನಾನು ಹೇಳಿದಂತೆ ಬದಲಾಯಿಸಿದಳು: ಸಂಘದ ಕೆಲಸಕ್ಕೆ ಎಲ್ಲರ ಪರದೆಯಲ್ಲೂ ಒಂದೇ ಕ್ರಮ, ಸುಮ್ಮನೆ ನೋಡುವಾಗ ಅವರವರ ಇಷ್ಟ. ಅಡುಗೆಮನೆಗೂ ಇದೇ ನಿಯಮ ಅನ್ವಯಿಸುತ್ತದೆಯೇ ಎಂದು ಹೆಂಡತಿಯನ್ನು ಕೇಳುವ ಧೈರ್ಯ ಮಾಡಲಿಲ್ಲ.

ಆ ದಿನದ ಕೊನೆಯ ಕೆಲಸವೊಂದಿತ್ತು. ಧನ್ಯವಾದ ಹೇಳಲು ಶೇಖರನಿಗೆ ಫೋನ್ ಮಾಡಿದೆ.

"ಎಂತ ಮಾರಾಯ್ರೆ," ಎಂದ ಆತ ಗಾಬರಿಯಿಂದ, "ಪುನಃ ಹಾಲ್ ಬದಲಾಯ್ತಾ?"