ಮತ್ರಾದ ಗೋಡೆಯ ರುಚಿ

ಮೊನ್ನೆ ನಾನೂ ನನ್ನ ಹೆಂಡತಿ ವಿಮಲಾಳೂ ಧಾರವಾಡದ ಹಳೆಯ ಓಣಿಯೊಂದರಲ್ಲಿ ಮಾರಾಟಕ್ಕಿದ್ದ ಮನೆ ನೋಡಲು ಹೋಗಿದ್ದೆವು. ಬಾಗಿಲು ತೆಗೆದೊಡನೆ ಹಳೆಯ ಸುಣ್ಣದ ತಣ್ಣನೆಯ ವಾಸನೆ ಮೂಗಿಗೆ ಬಡಿಯಿತು. "ಮನಿ ಏನ್ ನೋಡ್ತೀರಿ ಸರ್, ಜಾಗಾ ನೋಡ್ರಿ. ಕೆಡವಿದ್ರ ಮೂರು ಅಂತಸ್ತು ಎತ್ತಬಹುದು" ಎಂದು ದಲಾಲಿ ಹೇಳುತ್ತಲೇ ಇದ್ದ. ನನ್ನ ಕಿವಿ ಅಲ್ಲಿರಲಿಲ್ಲ. ಆ ವಾಸನೆ ನನ್ನನ್ನು ಮಸ್ಕತ್ತಿನ ಮತ್ರಾಕ್ಕೆ ಎಳೆದುಕೊಂಡು ಹೋಗಿತ್ತು.

ಎರಡು ಸಾವಿರದ ದಶಕದ ಮಾತು. ಮಸ್ಕತ್ತಿನದೇ ಖುರುಮ್ ಬಡಾವಣೆಯ ಆಫೀಸೊಂದರಲ್ಲಿ ನಾನು ಸಿವಿಲ್ ಇಂಜಿನಿಯರು. ಪಕ್ಕದ ಮೇಜಿನಲ್ಲಿ ನಕ್ಷೆ ಬಿಡಿಸುತ್ತಿದ್ದವನು ಒಮಾನಿ ಗೆಳೆಯ ಸಲೀಮ್. ಅವನು ಮತ್ರಾದ ಹಳೆಯ ಪೇಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಮುರುಕು ಮನೆ ಕೊಂಡ. ಅಂಥಿಂಥ ಮುರುಕಲ್ಲ. ಮೇಲಂತಸ್ತಿನ ಮರದ ಜಾಲರಿ ಗಲ್ಲಿಯ ಮೇಲೆ ಜೋತುಬಿದ್ದಿತ್ತು. ತೊಲೆಗಳ ಸಂದಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಅದೇ ದುಡ್ಡಿಗೆ ಊರಾಚೆ ಹೊಸ ವಿಲ್ಲಾ ಬರುತ್ತಿತ್ತಲ್ಲೋ ಎಂದು ಅಣ್ಣಂದಿರು ನಕ್ಕರಂತೆ. ಆದರೆ ಅದು ಅವನ ತಾಯಿ ಹುಟ್ಟಿದ ಮನೆ, ಅಜ್ಜ ಯಾವಾಗಲೋ ಮಾರಿಕೊಂಡಿದ್ದ. ತಾಯಿಯನ್ನು ಮತ್ತೆ ಆ ಹೊಸ್ತಿಲು ದಾಟಿಸಬೇಕೆಂಬುದು ಸಲೀಮನ ಹಟ. ಎಲ್ಲ ರಿಪೇರಿಯಾದ ಮೇಲೆ ಒಮ್ಮೆಲೇ ತೋರಿಸೋಣವೆಂದು ತಾಯಿಗೆ ಸುದ್ದಿಯನ್ನೇ ಹೇಳಿರಲಿಲ್ಲ.

ನಾನು ಸುಮ್ಮನಿರಬಹುದಿತ್ತು, ಹೌದಿಲ್ಲೋ ಹೇಳ್ರಿ? "ನಾನಿದ್ದೀನಿ ಬಿಡು" ಎಂದು ಎದೆ ತಟ್ಟಿಕೊಂಡೆ. ಆಗ ನನಗೆ ಸಿಮೆಂಟೇ ದೇವರು. ಗುರುವಾರ, ಶುಕ್ರವಾರದ ರಜೆಗಳಲ್ಲಿ ಮುಂದೆ ನಿಂತು ಕೆಳಗಿನ ಕೋಣೆಯ ಗೋಡೆಗಳಿಗೆ ಎರಡೆರಡು ಸಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ. ಕೈಯಿಟ್ಟರೆ ಜಾರಬೇಕು, ಹಾಗೆ. ಊಟದ ಡಬ್ಬಿ ತಂದಿದ್ದ ವಿಮಲಾ ನೋಡಿ, "ಅಲ್ರೀ, ಗಚ್ಚಿನ ಗ್ವಾಡಿಗೆ ಸಿಮೆಂಟ್ ಹಚ್ಚತಾರೇನ್ರಿ? ನಮ್ಮಜ್ಜ ಇದ್ದಿದ್ರ ಬೈತಿದ್ದ" ಎಂದಳು. ಅವಳಜ್ಜ ಬಾದಾಮಿ ಕಡೆಯ ಗೌಂಡಿ, ಸುಣ್ಣದ ಗಾರೆ ಅರೆದು ಮನೆ ಕಟ್ಟಿದವನು. "ಇಂಜಿನಿಯರ್ ನಾನೋ ನೀನೋ?" ಎಂದು ಬಾಯಿ ಮುಚ್ಚಿಸಿದೆ. ನಾಚಿಕೆಗೇಡು, ಆದರೆ ಅಂದದ್ದು ಹೌದು.

ಮೂರೇ ತಿಂಗಳಿಗೆ ಗೋಡೆ ಬೆವರತೊಡಗಿತು. ಬಿಳೀ ಉಪ್ಪು ಮೇಲೇರಿತು. ಪ್ಲಾಸ್ಟರು ಹಪ್ಪಳದ ಹಾಗೆ ಉಬ್ಬಿ, ಬೀಳುವಾಗ ಹಳೆಯ ಗೋಡೆಯ ಮೈಯನ್ನೂ ಕಿತ್ತುಕೊಂಡು ಬಿತ್ತು. ಸಲೀಮ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಖಲಾಸ್. ಕೆಡವಿಬಿಡೋಣ. ಅಮ್ಮನಿಗೆ ಹೇಳದೆ ಇದ್ದದ್ದೇ ಒಳ್ಳೆಯದಾಯಿತು" ಎಂದಷ್ಟೇ ಹೇಳಿದ. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ವಿಮಲಾ ಬಿಡಲಿಲ್ಲ. "ಕೆಡವೂ ಮೊದ್ಲ ಆ ತಾಯಿಗೆ ಒಮ್ಮೆ ತೋರಸ್ರಿ. ಅವ್ರು ಹುಟ್ಟಿದ ಮನಿ ಅದು" ಎಂದು ಪಟ್ಟು ಹಿಡಿದಳು. ಮುಂದಿನ ಶುಕ್ರವಾರ ಸಲೀಮ್ ತಾಯಿಯನ್ನು ಕರೆತಂದ. ನಾವು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅಳುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಸೀದಾ ಗೋಡೆಯ ಬಳಿ ಹೋಗಿ, ಉಗುರಿನಿಂದ ಕೆರೆದು, ಬೆರಳನ್ನು ನಾಲಿಗೆಗಿಟ್ಟರು! ಥೂ ಎಂದು ಉಗುಳಿ, "ಬರೀ ಉಪ್ಪು. ನೀರು ಹೊರಗೆ ಬರೋಕೆ ದಾರಿಯೇ ಇಲ್ಲ. ಯಾವ ಕತ್ತೆ ಇದಕ್ಕೆ ಸಿಮೆಂಟ್ ಹಚ್ಚಿದ್ದು?" ಎಂದು ಮತ್ರಾ ಪೇಟೆಯಲ್ಲಿ ಕಲಿತ ಹಿಂದಿಯಲ್ಲಿ ಕೇಳಿದರು.

ಕತ್ತೆ ಕೈ ಎತ್ತಿತು.

ಖಾಲಾ ಇನ್ನೂ ಮೇಲೆ, ಸಿಮೆಂಟ್ ಇಲ್ಲದ ಕಡೆ ಕೆರೆದು ನೆಕ್ಕಿದರು. "ಇಲ್ಲಿ ಉಪ್ಪಿಲ್ಲ, ಗೋಡೆ ಗಟ್ಟಿ ಇದೆ. ನಮ್ಮಪ್ಪ ವರ್ಷಾ ವರ್ಷ ಹೀಗೇ ನೋಡುತ್ತಿದ್ದ. ಕೆಡವೋದೇನು? ಯಲ್ಲಾ, ನಡೀರಿ, ಆ ಸಿಮೆಂಟ್ ಕೀಳಿ!"

ಉಳಿ, ಸುತ್ತಿಗೆ ಹಿಡಿದು ನನ್ನ ಸಿಮೆಂಟನ್ನು ನಾನೇ ಕಿತ್ತೆ. ಖಾಲಾ ಒಳನಾಡಿನಿಂದ ಮುದಿ ಗೌಂಡಿಯೊಬ್ಬನನ್ನು ಹುಡುಕಿಸಿ ತರಿಸಿದರು. ಅವನು ಸುಟ್ಟ ಮಣ್ಣನ್ನು ಪುಡಿಮಾಡಿ, ಸುಣ್ಣ ಸೇರಿಸಿ, ಸರೂಜ್ ಎಂಬ ಅವರ ಗಾರೆ ಕಲಸಿದ. "ನಮ್ಮ ಕಡೆ ಇದಕ್ಕೆ ಬೆಲ್ಲದ ನೀರು ಹಾಕುತ್ತಾರೆ" ಎಂದು ವಿಮಲಾ ತನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದಾಗ ಖಾಲಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೆಲ್ಲವನ್ನೆಲ್ಲ ಗೋಡೆಗೆ ಕೊಟ್ಟರೆ ಗಂಡನಿಗೆ ಏನು ಕೊಡುತ್ತೀಯಮ್ಮ?"

"ಸಿಮೆಂಟ್" ಅಂದಳು ನನ್ನ ಧರ್ಮಪತ್ನಿ.

ಗೋಡೆ ಒಣಗಲು ಇಡೀ ಬೇಸಿಗೆ ಹಿಡಿಯಿತು. ಖಾಲಾ ವಾಸಕ್ಕೆ ಬಂದ ದಿನ ತಾವು ಹುಟ್ಟಿದ ಕೋಣೆಯಲ್ಲೇ ಕೂರಿಸಿ ನಮಗೆ ಕಹ್ವಾ ಎಂಬ ಅವರ ಕಾಫಿ, ಹಲ್ವಾ ಕೊಟ್ಟರು. ಸಲೀಮ್ ನನ್ನ ಭುಜ ಹಿಡಿದು ನಿಂತಿದ್ದ. ನಾನು ಕಟ್ಟಿಸಿದ ಯಾವ ಹೊಸ ಕಟ್ಟಡವೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ, ದೇವರಾಣೆ.

"ಸರ್, ಏನಂತೀರಿ?" ದಲಾಲಿ ಕೆಮ್ಮಿದ.

ನಾನು ಕುಕ್ಕರುಗಾಲಿನಲ್ಲಿ ಕೂತು, ಗೋಡೆಯ ಬುಡ ಕೆರೆದು, ಬೆರಳನ್ನು ನಾಲಿಗೆಗಿಟ್ಟೆ. ದಲಾಲಿ ಎರಡು ಹೆಜ್ಜೆ ಹಿಂದೆ ಸರಿದ.

"ಉಪ್ಪಿಲ್ಲ ಅನಸ್ತದ. ನೀನೂ ನೋಡು" ಅಂದೆ ವಿಮಲಾಗೆ.

ಅವಳು ಸೆರಗು ಸಿಕ್ಕಿಸಿಕೊಂಡು ನಿಧಾನವಾಗಿ ನಾಲ್ಕೂ ಮೂಲೆ ಕೆರೆದು ನೋಡಿದಳು. ಈ ಸಲ ನಾನು ತುಟಿ ಪಿಟಕ್ಕೆನ್ನದೆ ಕಾದೆ. ಕೊನೆಗೆ ಬಂದು ಕೈ ಝಾಡಿಸಿಕೊಂಡಳು.

"ಬೆಲ್ಲ ತರ್ರಿ" ಅಂದಳು.