ಶೀಟಿನಲ್ಲಿ ಮಾತಿಗೆ ಕಾಲಂ ಇರಲಿಲ್ಲ

ಕೋವಿಡ್ ಇಳಿದ ಮರುವರ್ಷ ನಾನು ಶುಶ್ರೂಷಾ ಅಧೀಕ್ಷಕಿಯಾಗಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಕೆಲಸದ ಹೊರೆ ಅಳೆದು, ಎಲ್ಲಿ ಎಷ್ಟು ಮಂದಿ ಬೇಕೆಂದು ವರದಿ ಕೊಡುವ ಕೆಲಸ ನನಗೆ ಬಂತು. ವಿಧಾನ ಸರಳ. ಏಳು ದಿನ ಸ್ಟಾಪ್‌ವಾಚ್ ಹಿಡಿದು, ಇಂಜೆಕ್ಷನ್, ಡ್ರೆಸಿಂಗ್, ಬಿಪಿ ಎಂದು ಒಂದೊಂದಕ್ಕೆ ತಗಲುವ ನಿಮಿಷ ಬರೆಯುವುದು; ನರ್ಸ್‌ಗಳೂ ತಮ್ಮ ತಮ್ಮ ಶೀಟು ತುಂಬಿ ಕೊಡುವುದು. ನಿಮಿಷ ಕಡಿಮೆ ಬಂದ ವಾರ್ಡಿನಿಂದ ಒಬ್ಬರನ್ನು ಹೆಚ್ಚು ಬಂದಲ್ಲಿಗೆ ಕಳಿಸುವುದು.

ಆಳಂದ ತಾಲ್ಲೂಕಿನ ಒಂದು ಹೆರಿಗೆ ವಾರ್ಡಿಗೆ ಹೋದೆ. "ನೀರು ಕುಡಿಯೋದಕ್ಕೂ ಕಾಲಂ ಅದ ಏನ್ರಿ?" ಎಂದು ಆಯಾ ಶಾಂತವ್ವ ನನ್ನ ಗಡಿಯಾರ ನೋಡಿ ಕೇಳಿದಳು. ನಾನು ನಗಲಿಲ್ಲ.

ಅಲ್ಲಿನ ಇಬ್ಬರು ನರ್ಸ್‌ಗಳಲ್ಲಿ ಒಬ್ಬಳಾದ ಶಾಹಿದಾ ಪ್ರತಿ ಬಾಣಂತಿಯ ಮಂಚದ ಅಂಚಿಗೆ ಕೂತು, ಕನ್ನಡದವರೊಡನೆ ಕನ್ನಡ, ಉರ್ದುವಿನವರೊಡನೆ ಉರ್ದು ಮಾತಾಡುತ್ತಿದ್ದಳು. ತನ್ನ ಶೀಟಿನಲ್ಲಿ 'ಮಾತು, ಹತ್ತು ನಿಮಿಷ' ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ.

"ಬರೇ ಮಾತಲ್ರಿ ಮೇಡಂ ಅದು. ಕಂಬಳಿ ತೆಗಿ ಅಂದ್ರ ನಾಚ್ಕೊಂಡು ಇನ್ನಷ್ಟು ಬಿಗಿ ಹಿಡೀತಾರ. ಮಾತಾಡ್ಕೋತ ಕಂಬಳಿ ಒಳಗ ಕೈ ಹಾಕಿ ರಕ್ತ ಹೆಚ್ಚು ಹೋಗ್ತದೇನಂತ ನೋಡ್ತೇನಿ."

"ಶೀಟಿನಾಗ ಇಲ್ಲದ್ದು ಕೆಲಸ ಅಲ್ಲ, ಶಾಹಿದಾ."

ಆ ನಿಮಿಷಗಳು ಹೋದ ಮೇಲೆ ವಾರ್ಡಿನ ಹೊರೆ ಒಬ್ಬ ನರ್ಸ್‌ಗೆ ಸಾಕಾಗುವಷ್ಟೇ ಉಳಿಯಿತು. ಶಾಹಿದಾಳನ್ನು ಜೇವರ್ಗಿಗೆ ಕಳಿಸಿದೆ.

ಕೆಲವು ವಾರಗಳ ನಂತರ ನರೋಣಾ ಕಡೆಯ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಆಳಂದದ ಅದೇ ವಾರ್ಡಿನಲ್ಲಿ ಹೆತ್ತಳು. ಉಳಿದಿದ್ದ ನರ್ಸ್ ಹೊತ್ತಿಗೆ ಸರಿಯಾಗಿ ಬಂದಳು, ಹೇಗಿದ್ದೀಯೆಂದು ಕೇಳಿದಳು. ಪಕ್ಕದ ಮಂಚದ ಬಳಿ ಗಂಡಸರಿದ್ದರು. "ಆರಾಮ ಅದೀನ್ರಿ" ಎಂದು ಬಾಣಂತಿ ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ನರ್ಸ್ ಬಿಪಿ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದಳು. ಮಧ್ಯಾಹ್ನದ ಊಟ ಕೊಡಲು ಬಂದ ಶಾಂತವ್ವನಿಗೆ ಕಂಬಳಿಯ ಅಂಚು ಒದ್ದೆಯಾಗಿದ್ದು ಕಂಡಿತು. ಹೆರಿಗೆಯ ನಂತರದ ರಕ್ತಸ್ರಾವ. ಕಲಬುರಗಿಗೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು.

ವಿಚಾರಣೆಗೆ ಹೋದವಳೂ ನಾನೇ. ದಾಖಲೆಗಳಲ್ಲಿ ಒಂದೂ ತಪ್ಪಿರಲಿಲ್ಲ. ಎಲ್ಲವೂ ನಾನು ಗೊತ್ತುಮಾಡಿದ ನಿಮಿಷಗಳಲ್ಲೇ ನಡೆದಿತ್ತು. ಆ ನರ್ಸ್‌ಗೆ ನೋಟಿಸ್ ಕೊಡಲಿಲ್ಲ. ತಪ್ಪು ನನ್ನ ಅಳತೆಯದೆಂದು ವರದಿಯಲ್ಲಿ ಬರೆದೆ. ಆ ವಾಕ್ಯದ ಬಗ್ಗೆ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಗಡಿಯಾರ ಒತ್ತುವ ಮುನ್ನ, ಈ ಕೈ ಏನು ಮಾಡುತ್ತಿದೆ ಎಂದು ಆ ಕೈಯವಳನ್ನೇ ಕೇಳಬೇಕು, ಅವಳು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಬೇಕು. ಇಷ್ಟನ್ನು ಕಲಿಯಲು ನನಗೆ ಒಂದು ಜೀವ ಬೇಕಾಯಿತು.

ವಿಚಾರಣೆ ಮುಗಿದ ದಿನ ಸಂಜೆ ಶಾಹಿದಾಳಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು, "ಕೂಸು ಹ್ಯಾಂಗದ ರೀ ಮೇಡಂ?" ಎಂದಳು.

ನಾನು ಎಲ್ಲ ಕಾಗದ ನೋಡಿದ್ದೆ. ಕೂಸು ಹೇಗಿದೆ ಎಂದು ಕೇಳಿರಲಿಲ್ಲ.