ಜನಾಬಾಯಿಯ ಕಿವಿ

ಭಾಲ್ಕಿಯ ಗುರುನಾಥ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಊರೂರಿಗೆ ತಗ್ಗು ತೋಡಿ ತಂತಿ ಹೂಳುವುದು, ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ತಂತಿ ಕಡಿದರೆ ಮತ್ತೆ ಅದೇ ತಗ್ಗು ತೋಡುವುದು, ಇದರಲ್ಲೇ ಅವರ ನೌಕರಿ ಮುಗಿಯಿತು. ಮಗಳು ಮಾನಸಿ ಡಿಪ್ಲೊಮಾ ಮುಗಿಸಿ ಅಪ್ಪನ ದಂಧೆಯನ್ನೇ ಹಿಡಿದಳು, ಆದರೆ ತಗ್ಗು ತೋಡಲಿಲ್ಲ. ಔರಾದಿನ ಬಸ್ ನಿಲ್ದಾಣದ ಹಿಂದೆ ಒಂದು ಖೋಲಿ ಹಿಡಿದು, ತಂತಿಯಿಲ್ಲದೆ ಹಳ್ಳಿಗಳಿಗೆ ಇಂಟರ್ನೆಟ್ ಕೊಡತೊಡಗಿದಳು. ಎತ್ತರದ ಜಾಗದಲ್ಲಿ ಕಬ್ಬಿಣದ ಕಂಬ, ಕಂಬದ ತುದಿಗೆ ಹಿಟ್ಟು ನಾದುವ ಪರಾತದಂಥ ಡಿಶ್. ಈ ಊರಿನ ಡಿಶ್ಶಿಗೆ ಆ ಊರಿನದು ನೇರ ಕಂಡರೆ ಸಾಕು, ಇಂಟರ್ನೆಟ್ ಹೋಗುತ್ತದೆ. ನಡುವೆ ಏನಾದರೂ ಅಡ್ಡ ಬಂದರೆ ಇಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೇ ನೀರಿನ ಟಾಕಿ ಹತ್ತುವುದನ್ನು ಜನ ಮೊದಮೊದಲು ನಿಂತು ನೋಡುತ್ತಿದ್ದರು, ಆಮೇಲೆ ರೂಢಿಯಾಯಿತು.

ಎಕಂಬಾ ಎಂಬ ಹಳ್ಳಿಯವರೆಗೆ ಎಲ್ಲ ಸರಳವಾಗಿ ಬಂತು. ಅಲ್ಲಿಂದ ಮುಂದಿನ ಊರು ಡಾಬಕಾಕ್ಕೆ ಮಾತ್ರ ಸಿಗ್ನಲ್ ಮುಟ್ಟಲಿಲ್ಲ. ನಡುವಿನ ದಿಬ್ಬದ ಮೇಲೆ, ಕುರಿ ಸಾಕುವ ಹಣಮಂತಪ್ಪನ ಹೊಲದ ಬದುವಿನಲ್ಲಿ, ದೊಡ್ಡದೊಂದು ಹುಣಸೆಮರ ನಿಂತಿತ್ತು. ಮಾನಸಿ ಹೋಗಿ ಮೇಲಿನ ಟೊಂಗೆಗಳನ್ನಷ್ಟು ಕಡಿಯಲು ಕೇಳಿದಳು. ಹಣಮಂತಪ್ಪ ತಲೆಯೆತ್ತಿ ಮರ ನೋಡಿದ. ತುದಿಯ ತುಂಬ ಬೆಳ್ಳಕ್ಕಿಗಳ ಗೂಡು.

“ಮರಿ ಅದಾವರಿ ಬಾಯಿ. ದಸರಾ ಆಗ್ಲಿ, ಅವು ಹಾರಿ ಹೋಗ್ತಾವ. ಆಮ್ಯಾಲ ಕಡಸ್ರಿ, ನಾ ಬ್ಯಾಡ ಅನ್ನಂಗಿಲ್ಲ.”

ಮಾನಸಿ ಒಪ್ಪಿಕೊಂಡು ಬಂದಳು. ಆದರೆ ಡಾಬಕಾದವರು ಬಿಡಲಿಲ್ಲ. ಹುಡುಗಿಯರು ಕಾಲೇಜಿನ ಅರ್ಜಿ ತುಂಬಲು ಔರಾದಿಗೆ ಅಲೆದಾಡುತ್ತಿದ್ದಾರೆ, ನಿಮ್ಮಿಂದ ಆಗದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದರು. ಎಕಂಬಾದ ಟಾಕಿಯ ಮೇಲಿನ ಕಂಬವನ್ನೇ ಎತ್ತರಿಸಿದ್ದರೆ ಮರದ ಗೊಡವೆ ಇರುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಅಷ್ಟು ಕೆಲಸ ಈಗ ಯಾರು ಮಾಡಬೇಕು ಎನಿಸಿತು.

ಹಣಮಂತಪ್ಪ ಕುರಿ ಹೊಡೆದುಕೊಂಡು ಚಿಂತಾಕಿ ಕಡೆ ಹೋಗಿದ್ದಾಗ ಅವಳು ಮರ ಕಡಿಯುವವರನ್ನು ಕರೆದುಕೊಂಡು ಎಕಂಬಾಕ್ಕೆ ಬಂದಳು. ಅವನಿಗೆ ಫೋನ್ ಹಚ್ಚಬಹುದಿತ್ತು. ಹಚ್ಚಿದರೆ ಬೇಡ ಅನ್ನುತ್ತಾನೆಂದೇ ಹಚ್ಚಲಿಲ್ಲ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ ಜನಾಬಾಯಿಗೆ, “ಕಾಕು, ಟೊಂಗಿ ಕಡೀಲಿಕ್ಕಿ ಕಾಕಾ ಹೂಂ ಅಂದಾರ್ರಿ,” ಎಂದಳು. ದಸರಾದ ಮಾತು ಎತ್ತಲಿಲ್ಲ.

“ಅವರು ಹೂಂ ಅಂದ ಮ್ಯಾಲ ನಂದೇನದ. ಕಡಿರಿ,” ಎಂದಳು ಜನಾಬಾಯಿ.

ಟೊಂಗೆಗಳ ಜೊತೆ ಗೂಡುಗಳೂ ಬಿದ್ದವು. ರೆಕ್ಕೆ ಬಲಿಯದ ಮರಿಗಳು ಹಸಿ ನೆಲದಲ್ಲಿ ಬಾಯಿ ತೆರೆದು ಹೊರಳಿದವು. ಜನಾಬಾಯಿ ಓಡಿಬಂದು ಜೀವವಿದ್ದವನ್ನು ಬುಟ್ಟಿಯಲ್ಲಿ ಹಾಕಿಕೊಳ್ಳುತ್ತಿದ್ದಳು. ಮಾನಸಿ ನಿಲ್ಲಲಿಲ್ಲ. ಸ್ಕೂಟಿ ಹತ್ತಿ ಡಾಬಕಾಕ್ಕೆ ಹೋಗಿ ಡಿಶ್ ತಿರುಗಿಸಿ ಕೂಡಿಸಿದಳು. ಸಿಗ್ನಲ್ ಬಂತು.

ಹಣಮಂತಪ್ಪನ ಫೋನ್ ಬಂದಾಗ ಅವಳು ಡಾಬಕಾದ ಸಾಲೆಯ ಪಡಸಾಲೆಯಲ್ಲಿದ್ದಳು. ಊರವರು ಆಗಷ್ಟೇ ಶಾಲು ಹೊದಿಸಿದ್ದರು. ದಸರಾತನಕ ತಡೆಯಲು ಹೇಳಿದ್ದನ್ನು ನಮ್ಮಾಕಿಗೆ ಹೇಳಿದಿರೋ ಇಲ್ಲವೋ ಎಂದು ಅವನು ಕೇಳಿದ. ಸುತ್ತ ಮಂದಿ ನಿಂತಿದ್ದರು.

“ಹೇಳಿದ್ದೆರಿ ಕಾಕಾ. ಹೇಳೇ, ಈಗ ಕಡೀಲೇನು ಅಂತ ಕೇಳಿದೆ. ಕಾಕೂಗೆ ಸರಿ ಕೇಳಿಸಿರಲಿಕ್ಕಿಲ್ಲ,” ಎಂದುಬಿಟ್ಟಳು.

ಅವನು ಫೋನ್ ಇಟ್ಟ. ಮಾತು ಅಲ್ಲಿಗೆ ಮುಗಿಯಿತೆಂದು ಮಾನಸಿ ಅಂದುಕೊಂಡಳು. ಆದರೂ ಆಮೇಲೆ ಎಕಂಬಾದ ಟಾಕಿ ಹತ್ತಿದಾಗಲೆಲ್ಲ ಆ ದಿಬ್ಬದ ಕಡೆಗೆ ಬೆನ್ನು ಮಾಡಿಯೇ ಕೆಲಸ ಮಾಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಸಾಮಾನು ತರಲು ಔರಾದಿನಲ್ಲಿ ಬೀದರ್ ಬಸ್ಸು ಹತ್ತಿದರೆ, ಗಂಡ ಹೆಂಡತಿ ಇಬ್ಬರೂ ಒಳಗೆ ಕೂತಿದ್ದರು. ಜನಾಬಾಯಿ ಸರಿದು ಜಾಗ ಕೊಟ್ಟಳು. ಎಲ್ಲಿಗೆ ಹೊರಟಿರೆಂದು ಮಾನಸಿ ಕೇಳಿದಳು.

“ಕಿವಿ ತೋರಸ್ಲಿಕ್ಕಿ, ಬಾಯಿ. ನೀ ಅಷ್ಟು ಬಿಡಿಸಿ ಹೇಳಿದ್ದು ನನಗ ಕೇಳ್ಸಲೇ ಇಲ್ಲ ನೋಡು. ಆ ಮರಿಗಳ ಪಾಪ ನನಗೇ ಸುತ್ತಿಕೊಂಡದ.”

ದಸರಾದ ಮಾತು ಬರಲೇ ಇಲ್ಲವೆಂದು ತಾನು ಮೊದಲು ಹೇಳಿದ್ದನ್ನು ಗಂಡ ನಂಬಲಿಲ್ಲ, ಅಂದಿನಿಂದ ಮನೆಯಲ್ಲಿ ಎಲ್ಲರೂ ತನ್ನೊಡನೆ ಕೂಗಿ ಮಾತಾಡುತ್ತಾರೆ, ಗಂಡ ಯಾವ ಕೆಲಸದ ಮಾತನ್ನೂ ತನಗೆ ಹೇಳಿ ಹೋಗುವುದಿಲ್ಲ, ತಾನೂ ನಾಲ್ಕು ಮಂದಿಯಲ್ಲಿ ಕೂರುವುದನ್ನು ಬಿಟ್ಟಿದ್ದೇನೆ ಎಂದು ಅವಳು ಮೆಲ್ಲಗೆ ಹೇಳಿಕೊಂಡಳು. ಹಿಂದಿನ ಸೀಟಿನಿಂದ ಕಂಡಕ್ಟರ್ ಯಾರಿಗೋ ಸಣ್ಣ ದನಿಯಲ್ಲಿ ಸಂತಪುರ ಬಂತೆಂದರೆ, ಇಳಿಯುವವರಿಗೆ ದಾರಿ ಬಿಡಲು ಮೊದಲು ಕಾಲು ಮಡಚಿದವಳು ಜನಾಬಾಯಿಯೇ. ಮಾನಸಿ ನಿಜ ಹೇಳಬೇಕೆಂದು ಬಾಯಿ ತೆರೆದು, ಬಸ್ಸಿನಲ್ಲಿ ಪರಿಚಯದವರಿದ್ದಾರೆಂದು ಮುಚ್ಚಿಕೊಂಡಳು. ಬೀದರಿನಲ್ಲಿ ಇಳಿದು ತನ್ನ ಕೆಲಸಕ್ಕೆ ಹೋಗದೆ ಅವರ ಹಿಂದೆಯೇ ದವಾಖಾನೆಗೆ ನಡೆದಳು.

ಪರೀಕ್ಷೆ ಮಾಡಿದ ಡಾಕ್ಟರು, ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಿವಿ ಕಾಣುವುದೇ ಅಪರೂಪ ಎಂದರಂತೆ. ಹೊರಗೆ ಬಂದ ಹಣಮಂತಪ್ಪ ಏನೂ ತಿಳಿಯದೆ ಮಾನಸಿಯ ಮುಖ ನೋಡಿದ. ಅವಳು ಬೆಂಚಿನಿಂದ ಎದ್ದಳು.

“ಕಾಕಾ, ನಾ ಹೇಳೇ ಇದ್ದಿಲ್ರಿ. ದಸರಾ ಮಾತು ಕಾಕೂಗೆ ನಾ ಹೇಳೇ ಇಲ್ಲ. ಫೋನಿನ್ಯಾಗ ನಿಮಗ ಸುಳ್ಳು ಹೇಳ್ದೆ.”

ಅವನು ರುಮಾಲು ತೆಗೆದು ಮುಖ ಒರೆಸಿಕೊಂಡ. “ನನಗ್ಯಾಕ ಹೇಳ್ತೀರಿ? ಆಕಿಗೆ ಹೇಳ್ರಿ.”

ಜನಾಬಾಯಿಗೆ ಕೇಳಿಸಿತ್ತು. ಅವಳು ಮಾನಸಿಯನ್ನು ಬಯ್ಯಲಿಲ್ಲ. ಗಂಡನ ಕಡೆ ತಿರುಗಿ, “ನೀವಾದ್ರೂ ನನ್ನ ಮಾತು ನಂಬಬೇಕಿತ್ತು,” ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಮಾನಸಿ ಕ್ಷಮೆ ಕೇಳಲು ಹಿಂದೆ ಓಡಿದಳು. ಆಟೋದಲ್ಲಿ ಕೂತ ಜನಾಬಾಯಿ ಕೇಳಿಸಿಕೊಂಡಳು, ಗಂಡನಿಗೆ ಜಾಗ ಬಿಟ್ಟು ಸರಿದು ಕೂತಳು.

ಮರುವಾರವೇ ಮಾನಸಿ ಎಕಂಬಾದ ಟಾಕಿಯ ಮೇಲಿನ ಕಂಬವನ್ನು ಎತ್ತರಿಸಿದಳು. ಅಂಜಿಕೊಂಡಷ್ಟು ದೊಡ್ಡ ಕೆಲಸವೇನೂ ಆಗಿರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. ಇನ್ನು ಮರ ಎಷ್ಟು ಬೆಳೆದರೂ ಡಾಬಕಾದ ಇಂಟರ್ನೆಟ್ಟಿಗೆ ತೊಂದರೆಯಿಲ್ಲ. ಮುಂದಿನ ಮಳೆಗಾಲಕ್ಕೆ ಹುಣಸೆ ಚಿಗುರಿತು, ಬೆಳ್ಳಕ್ಕಿಗಳು ಬರಲಿಲ್ಲ.

ಎಕಂಬಾಕ್ಕೆ ಹೋದಾಗ ಅವಳು ಈಗಲೂ ಆ ಮನೆಯ ಮುಂದೆ ಸ್ಕೂಟಿ ನಿಲ್ಲಿಸುತ್ತಾಳೆ. ಜನಾಬಾಯಿ ಕೂಡಿಸುತ್ತಾಳೆ, ಚಹಾ ಕೊಡುತ್ತಾಳೆ. ಆದರೆ ಮಾನಸಿ ಏನೇ ಹೇಳಲಿ, ಔರಾದಿನಲ್ಲಿ ಮಳೆಯಾಯಿತೆಂದೇ ಹೇಳಲಿ, ಜನಾಬಾಯಿ ಅವಳ ಕಣ್ಣು ನೋಡಿ, “ಖರೇನೇನು?” ಎಂದು ಕೇಳುತ್ತಾಳೆ. ಮಾನಸಿ ಪ್ರತಿ ಸಲ, “ಖರೇರಿ ಕಾಕು,” ಎನ್ನುತ್ತಾಳೆ.